ತಗಡಿನ ಬೆನ್ನು

ಜೂನ್ ಮೂರನೇ ವಾರ ಬಂತೆಂದರೆ ನಮ್ಮ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರುವುದಿಲ್ಲ. ಒಂದು ತುದಿಯಲ್ಲಿ ತಾಮ್ರದ ತಗಡಿನ ಸುರುಳಿ, ಇನ್ನೊಂದು ತುದಿಯಲ್ಲಿ ಅಲ್ಯೂಮಿನಿಯಂ, ನಡುವೆ ಹಳೆಯ ಮೌಸ್ ಪ್ಯಾಡು, ಇಂಕು ಮುಗಿದ ನಾಲ್ಕು ಬಾಲ್‌ಪೆನ್ನು, ಎರಡು ಕತ್ತರಿ. ಮನೆಯವರು ಮಾತಾಡದೆ ತಟ್ಟೆ ಹಿಡಿದು ಸೋಫಾಗೆ ಹೋಗುತ್ತಾರೆ. ಜುಲೈ 4 ದಾಟುವವರೆಗೆ ನ್ಯೂಜೆರ್ಸಿಯ ಈ ಮನೆಯಲ್ಲಿ ಇದೇ ಏರ್ಪಾಟು.

ಈ ದೇಶದಲ್ಲಿ ತೂಗುಹಾಕುವ ಅಲಂಕಾರಗಳ ಸುಗ್ಗಿ ಡಿಸೆಂಬರ್. ಆದರೆ ಸ್ವಾತಂತ್ರ್ಯದ ದಿನಕ್ಕೂ ಜನ ಜಗಲಿಗೆ ಬಾವುಟ, ಬಾಗಿಲಿಗೆ ನಕ್ಷತ್ರ ಕಟ್ಟುತ್ತಾರೆ. ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ ಎರಡನೇ ಬೇಸಿಗೆಗೆ ಬಣ್ಣ ಕಳೆದುಕೊಂಡಿತು ಎಂಬ ಸಿಟ್ಟಿಗೆ ನಾನು ತಗಡಿಗೆ ಕೈಹಚ್ಚಿದ್ದು. ಕಳೆದ ವರ್ಷ ಆರು ತಿಂಗಳಿಗೆಂದು ಶಿವಮೊಗ್ಗದಿಂದ ಬಂದಿದ್ದ ಅಮ್ಮ ಮೇಜನ್ನು ನೋಡಿ, “ಇವರ ಹಬ್ಬಕ್ಕೂ ತೋರಣ ಕಟ್ತೀಯೇನೇ?” ಎಂದಳು. “ಮಾವಿನೆಲೆ ಸಿಗಲ್ವಲ್ಲಮ್ಮ, ತಗಡಿಂದೇ ಕಟ್ಟೋದು” ಎಂದೆ. “ಹೋಗ್ಲಿ, ಬಾಡೋದಿಲ್ಲ” ಎಂದು ಕನ್ನಡಕ ಏರಿಸಿ ಎದುರಿಗೆ ಕೂತಳು.

ಮೊದಲ ಪ್ರಯೋಗಕ್ಕೆ ನಾನು ಬಳಸಿದ್ದು ತಂಪು ಪಾನೀಯದ ಖಾಲಿ ಡಬ್ಬಿ. ಅದರ ಅಂಚು ಬೆರಳು ಕೊಯ್ದ ಮೇಲೆ ಬುದ್ಧಿ ಬಂದು ಕುಶಲಕಲೆಯ ಸಾಮಾನಿನ ಅಂಗಡಿಗೆ ಹೋದೆ. ಅಲ್ಲಿ ಸಿಗುವುದು 36 ಗೇಜಿನ ತಗಡು. ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪ. ಚಪಾತಿ ಸುತ್ತುವ ಫಾಯಿಲ್‌ಗಿಂತ ಏಳೆಂಟು ಪಟ್ಟು ಗಟ್ಟಿ. ಆದರೂ ಉಗುರಿನ ಮಾತು ಕೇಳುವಷ್ಟು ಮೆದು.

ಮೊದಲು ಕಾಗದದ ನಕ್ಷತ್ರ ಬೇಕು. ಅದಕ್ಕೊಂದು ಕಥೆಯಿದೆ. ಮೊದಲ ಬಾವುಟ ಹೊಲಿಯಲು ಹೇಳಲು ಬಂದ ಜಾರ್ಜ್ ವಾಷಿಂಗ್ಟನ್ ಆರು ಮೊನೆಯ ನಕ್ಷತ್ರ ಬರೆದು ತಂದಿದ್ದರಂತೆ. ಫಿಲಡೆಲ್ಫಿಯಾದ ಬೆಟ್ಸಿ ರಾಸ್ ಕಾಗದ ಮಡಚಿ, ಕತ್ತರಿಯನ್ನು ಒಂದೇ ಸಲ ಆಡಿಸಿ, ಬಿಚ್ಚಿ ಐದು ಮೊನೆಯದನ್ನು ತೋರಿಸಿದಳಂತೆ. ಈ ಕಥೆಯನ್ನು ಊರಿಗೆಲ್ಲ ಹೇಳಿದವನು ಅವಳ ಮೊಮ್ಮಗ, ಅದೂ 1870ರಲ್ಲಿ. ಆ ಕಾಲದ ಕಾಗದಪತ್ರಗಳಲ್ಲಿ ಇದಕ್ಕೆ ಪುರಾವೆಯಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಇರಲಿ, ಅಜ್ಜಿಕಥೆಗೆ ಸಾಕ್ಷಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮಡಿಕೆ ಸರಿಯಾಗಿದ್ದರೆ ಒಂದೇ ಕತ್ತರಿಗೆ ಐದು ಮೊನೆ ಬರುವುದಂತೂ ನಿಜ. ಅಷ್ಟಕ್ಕೆ ನಾನೇ ಸಾಕ್ಷಿ.

ಆ ಕಾಗದವನ್ನು ತಗಡಿನ ಮೇಲಿಟ್ಟು ಅಂಚು ಗುರುತಿಸಿದ ಮೇಲೆ ನಿಜವಾದ ಸುಖ ಶುರು. ತಗಡಿನ ಬೆನ್ನನ್ನು ಮೇಲೆ ಮಾಡಿ, ಮೌಸ್ ಪ್ಯಾಡಿನ ಮೆತ್ತೆಯ ಮೇಲಿಟ್ಟು, ಪ್ರತಿ ಮೊನೆಯಿಂದ ನಡುವಿಗೆ ಒಂದೊಂದು ಗೆರೆ ಒತ್ತಬೇಕು. ಐದು ಗೆರೆ. ಆಮೇಲೆ ತಿರುಗಿಸಿ, ಈಗ ಮುಖದ ಕಡೆಯಿಂದ, ಎರಡು ಮೊನೆಗಳ ನಡುವಿನ ಸಂದಿನಿಂದ ನಡುವಿಗೆ ಮತ್ತೆ ಐದು. ಬೆನ್ನಿನಿಂದ ಒತ್ತಿದ್ದು ದಿಣ್ಣೆಯಾಗಿ ಏಳುತ್ತದೆ, ಮುಖದಿಂದ ಒತ್ತಿದ್ದು ಕಣಿವೆಯಾಗಿ ಇಳಿಯುತ್ತದೆ. ಎಂಟನೇ ಗೆರೆಯವರೆಗೂ ಅದು ಗೀಚಿದ ತಗಡೇ. ಹತ್ತನೆಯದು ಮುಗಿಯುವ ಹೊತ್ತಿಗೆ ಒಂದು ಮಗ್ಗುಲು ಬೆಳಕು, ಒಂದು ಮಗ್ಗುಲು ನೆರಳು ಹಿಡಿದು ನಕ್ಷತ್ರ ಮೈದುಂಬಿ ಕೂರುತ್ತದೆ.

ಅವಸರ ಮಾಡಿದರೆ ತಗಡು ಹರಿಯುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿದರೆ ತಾಮ್ರ ಮುನಿಸಿಕೊಂಡು ಬಿರುಸಾಗುತ್ತದೆ. ಆಗ ಉರಿಗೆ ಹಿಡಿದು, ಬಣ್ಣ ಬದಲಾಗುತ್ತಲೇ ನೀರಿಗೆ ಹಾಕಬೇಕು. ಉಕ್ಕಾದರೆ ಹಾಗೆ ಮಾಡಿದಾಗ ಇನ್ನಷ್ಟು ಬಿರುಸಾದೀತು. ತಾಮ್ರ ಮಾತ್ರ ಮತ್ತೆ ಹದಕ್ಕೆ ಬರುತ್ತದೆ.

ಮೊದಲ ವರ್ಷ ಉತ್ಸಾಹ ಜಾಸ್ತಿಯಾಗಿ ನಕ್ಷತ್ರದ ನಡುವೆ ಸ್ವಾತಂತ್ರ್ಯ ಘೋಷಣೆಯ ವರ್ಷ ಬರೆಯಲು ಹೊರಟೆ. ಬೆನ್ನಿನ ಮೇಲೆ ಮುತ್ತಿನಂಥ ಅಂಕಿಗಳಲ್ಲಿ 1776 ಎಂದು ಒತ್ತಿ, ಹೆಮ್ಮೆಯಿಂದ ತಿರುಗಿಸಿದರೆ 6771, ಅದೂ ಒಂದೊಂದು ಅಂಕಿಯೂ ಮಗುಚಿಕೊಂಡು! “ಇದು ಯಾವ ದೇಶಕ್ಕೆ ಬಂದ ಸ್ವಾತಂತ್ರ್ಯ?” ಎಂದರು ಮನೆಯವರು. ಅಂದಿನಿಂದ ಅಂಕಿಗಳನ್ನು ತೆಳುಕಾಗದದ ಮೇಲೆ ಬರೆದು, ಕಾಗದ ಮಗುಚಿಟ್ಟೇ ಒತ್ತುತ್ತೇನೆ. ಈ ಕೆಲಸದಲ್ಲಿ ಮುಖ ನೋಡುವವರದು, ಬೆನ್ನು ಮಾಡುವವರದು.

ಇದನ್ನು ನಾನು ಇಲ್ಲಿ ಕಲಿತೆ ಎಂದುಕೊಂಡಿದ್ದೆ. ಅಮ್ಮ ನೆನಪಿಸಿದಳು. ನಮ್ಮ ಬೀದಿಯ ಅಕ್ಕಸಾಲಿಯ ಅಂಗಡಿಯ ಮುಂದೆ ನಾನು ಶಾಲೆ ಬಿಟ್ಟು ಬರುವಾಗ ಗಂಟೆಗಟ್ಟಲೆ ನಿಲ್ಲುತ್ತಿದ್ದೆನಂತೆ. ಬೆಳ್ಳಿಯ ತಗಡನ್ನು ಅರಗಿನ ಮೇಲೆ ಕೂರಿಸಿ, ಚಿಕ್ಕ ಉಳಿಯಿಂದ ಟಕಟಕ ತಟ್ಟಿ ದೇವರ ಮುಖವಾಡ ಮಾಡುತ್ತಿದ್ದರು ಅವರು. ಹಿಂದಿನಿಂದ ತಟ್ಟಿದಷ್ಟೂ ಮುಂದೆ ದೇವಿಯ ಕೆನ್ನೆ ತುಂಬಿಕೊಳ್ಳುತ್ತಿತ್ತು. ಬೆನ್ನು ತಟ್ಟಿದರೆ ಮುಖ ಅರಳುತ್ತದೆ ಎಂಬುದನ್ನು ನಾವು ಮಕ್ಕಳ ವಿಷಯಕ್ಕಷ್ಟೇ ಹೇಳುತ್ತೇವೆ. ಅಕ್ಕಸಾಲಿಗಳಿಗೆ ಅದು ದಿನದ ಕಸುಬು.

ತಾಮ್ರದ ನಕ್ಷತ್ರಕ್ಕೆ ಹಳೆಯ ಕಳೆ ಬರಿಸಲು ಒಂದು ಉಪಾಯವಿದೆ: ಬೇಯಿಸಿದ ಮೊಟ್ಟೆ ಒಡೆದು, ಅದರ ಜೊತೆ ಮುಚ್ಚಿದ ಚೀಲದಲ್ಲಿ ಇಡುವುದು. ಮೊಟ್ಟೆಯ ಗಂಧಕಕ್ಕೆ ತಾಮ್ರ ಕಪ್ಪಾಗುತ್ತದೆ. ಅಮ್ಮನ ಕಣ್ಣಿಗೆ ಬೀಳದ ಹಾಗೆ ಗರಾಜಿನಲ್ಲಿ ಈ ಕೆಲಸ ಮುಗಿಸಿ, ಹನ್ನೆರಡು ನಕ್ಷತ್ರಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ಬಂದರೆ ಹನ್ನೆರಡೂ ಫಳಫಳ. “ಎಷ್ಟು ಕಿಲುಬು ಹಿಡಿಸಿದ್ದೀಯೇ! ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ” ಎಂದಳು ಅಮ್ಮ. ಅಳುವಂತಾಯಿತು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹುಣಸೆಹಣ್ಣು ತಾಗಿದ ದಿಣ್ಣೆಗಳು ಹೊಸ ಚೆಂಬಿನಂತೆ ಹೊಳೆಯುತ್ತಿದ್ದವು. ಬೆರಳು ಇಳಿಯದ ಕಣಿವೆಗಳಲ್ಲಿ ಕಪ್ಪು ಹಾಗೇ ಉಳಿದಿತ್ತು. ಇಡೀ ದಿನ ನಯವಾದ ಉಕ್ಕಿನ ನಾರಿನಿಂದ ಉಜ್ಜಿ ನಾನು ತರಬೇಕೆಂದಿದ್ದುದು ಇದನ್ನೇ. ಒಪ್ಪಿಕೊಳ್ಳಲು ಮಾತ್ರ ಮಧ್ಯಾಹ್ನದ ಕಾಫಿಯವರೆಗೆ ಕಾಯಿಸಿದೆ.

ಆ ವಾರವೇ ಅಮ್ಮನನ್ನು ಲಿಬರ್ಟಿ ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋದೆ. ನೀರಿನಾಚೆ ಸ್ವಾತಂತ್ರ್ಯ ದೇವಿ. “ಇವಳೇನೇ, ನಮಗೆ ಬೆನ್ನು ಹಾಕಿ ನಿಂತಿದ್ದಾಳೆ!” ಎಂದಳು ಅಮ್ಮ. ನ್ಯೂಜೆರ್ಸಿಯವರ ಹಳೆಯ ಕೊರಗು ಅದು. ಆಕೆಯ ಮುಖ ಕಡಲಿನ ಕಡೆಗೆ. ನನಗೆ ಕೊರಗಿಲ್ಲ. ಏಕೆಂದರೆ ಆಕೆಯೂ ಉಬ್ಬು ಕೆಲಸದವಳೇ. ಶಿಲ್ಪಿ ಬಾರ್ತೋಲ್ಡಿಯ ಮಾದರಿಗೆ ತಕ್ಕಂತೆ ಮರದ ಅಚ್ಚು ಮಾಡಿ, ಅದರೊಳಗೆ ತಾಮ್ರದ ತಗಡು ಒತ್ತಿ, ಒಳಮೈಯಿಂದ ಸುತ್ತಿಗೆಯಲ್ಲಿ ಬಡಿದು ಪ್ಯಾರಿಸ್ಸಿನಲ್ಲಿ ಆಕೆಯನ್ನು ಎಬ್ಬಿಸಿದರು. ಒಳಗಿನ ಕಬ್ಬಿಣದ ಅಸ್ಥಿಪಂಜರ ಐಫೆಲ್‌ನದು. ಅಷ್ಟು ದೊಡ್ಡ ದೇಹದ ಚರ್ಮ ಬರಿಯ 2.4 ಮಿಲಿಮೀಟರ್, ನನ್ನ ತಗಡಿನ ಇಪ್ಪತ್ತು ಪಟ್ಟೂ ಇಲ್ಲ. 1885ರಲ್ಲಿ 350 ತುಂಡುಗಳಾಗಿ, 214 ಪೆಟ್ಟಿಗೆಗಳಲ್ಲಿ ಹಡಗೇರಿ ಬಂದವಳನ್ನು ಇಲ್ಲಿ ಜೋಡಿಸಿ 1886ರ ಅಕ್ಟೋಬರ್ 28ರಂದು ಲೋಕಾರ್ಪಣೆ ಮಾಡಿದರು. ಎಡಗೈಯ ಫಲಕದಲ್ಲಿ ರೋಮನ್ ಅಂಕಿಗಳಲ್ಲಿ ಜುಲೈ 4, 1776 ಎಂದಿದೆ. ಅವರು ಅದನ್ನು ಸರಿಯಾಗಿಯೇ ಬರೆದಿದ್ದಾರೆ.

ಇಷ್ಟನ್ನೂ ಕೇಳಿಸಿಕೊಂಡ ಅಮ್ಮ ಬಹಳ ಹೊತ್ತು ಆಚೆ ನೋಡಿದಳು. “ತಾಮ್ರ ಅಂತೀಯ, ಹಸಿರಾಗಿದ್ದಾಳಲ್ಲ?” ಉಪ್ಪುಗಾಳಿ, ಮಳೆ ತಾಗಿ ಕೆಲವು ದಶಕಗಳಲ್ಲಿ ಹಾಗಾಯಿತು, ಆ ಹಸಿರು ಪದರವೇ ಒಳಗಿನ ತಾಮ್ರವನ್ನು ಕಾಯುತ್ತದೆ ಎಂದೆ. ಅಮ್ಮನಿಗೆ ಸಮಾಧಾನವಾಗಲಿಲ್ಲ. “ಎಷ್ಟು ಮೂಟೆ ಹುಣಸೆಹಣ್ಣು ಬೇಕಾದೀತು?” ಎಂದು ಲೆಕ್ಕ ಹಾಕತೊಡಗಿದಳು.

ಹಬ್ಬದ ದಿನ ಬೆಳಿಗ್ಗೆ ನಮ್ಮ ಬೀದಿಯಲ್ಲೇ ಮೆರವಣಿಗೆ. ನೋಡಲು ಬಂದ ಪಕ್ಕದ ಮನೆಯ ನಾಲ್ಕು ವರ್ಷದ ಪೋರ ಜಗಲಿಯಲ್ಲಿ ಕೈಗೆಟುಕಿದ ನಕ್ಷತ್ರವನ್ನು ಹೆಬ್ಬೆರಳಿನಿಂದ ಒತ್ತಿಯೇಬಿಟ್ಟ. ಸಾಮಾನ್ಯವಾಗಿ ಹಿಂದಿನ ಪೊಳ್ಳಿಗೆ ಮೇಣ ತುಂಬುತ್ತೇನೆ. ಇದೊಂದಕ್ಕೆ ಸೋಮಾರಿತನ ಮಾಡಿದ್ದೆ. ಒಂದು ಮೊನೆ ಗುಳಿ ಬಿತ್ತು. ಅವನ ತಾಯಿ ಹತ್ತು ಸಲ ಕ್ಷಮೆ ಕೇಳಿದಳು. ಅಮ್ಮ ನಕ್ಷತ್ರವನ್ನು ಬಿಚ್ಚಿ, ಮಡಿಲಲ್ಲಿ ಸೀರೆಯ ನೆರಿಗೆಯನ್ನೇ ಮೆತ್ತೆ ಮಾಡಿಕೊಂಡು ಬೆನ್ನು ಮೇಲಾಗಿ ಇಟ್ಟು, ಚಮಚದ ಹಿಡಿಯಿಂದ ಮೆಲ್ಲಗೆ ಒತ್ತಿದಳು. ಗುಳಿ ಎದ್ದಿತು. ಆದರೆ ಕೈ ಒಂದು ಚೂರು ಹೆಚ್ಚಾಗಿ, ಆ ಮೊನೆ ಉಳಿದ ನಾಲ್ಕಕ್ಕಿಂತ ದಪ್ಪಗಾಯಿತು.

“ಹಬ್ಬದೂಟ ಮಾಡಿದೆ ಅಂದ್ಕೋ” ಎಂದು ಅದನ್ನು ಮತ್ತೆ ಬಾಗಿಲಿಗೆ ಕಟ್ಟಿದಳು.