ಜನಪಥದ ಕಡತಗಳ ನಡುವೆ

ದಿಲ್ಲಿಗೆ ಹೋದವರು ಕುತುಬ್ ಮಿನಾರು, ಕೆಂಪುಕೋಟೆ ನೋಡಿ ಬರುವುದು ವಾಡಿಕೆ. ನಾವು ದಂಪತಿಗಳು ಮಾತ್ರ ಈ ಚಳಿಗಾಲದ ನಾಲ್ಕು ದಿನಗಳನ್ನು ಜನಪಥದ ರಾಷ್ಟ್ರೀಯ ಅಭಿಲೇಖಾಲಯದ ಆಸುಪಾಸಿನಲ್ಲಿ ಕಳೆದೆವು. ಮುಂಬಯಿಯಲ್ಲಿ ಎಲ್.ಎಲ್.ಎಂ. ಓದುತ್ತಿರುವ ನಮ್ಮ ಮಗಳಿಗೆ ಸಂಶೋಧನ ಪ್ರಬಂಧಕ್ಕಾಗಿ ಅಲ್ಲಿಯ ಹಳೆಯ ಕಾಗದಗಳು ಬೇಕಾಗಿದ್ದವು.

ಕರ್ತವ್ಯಪಥವೂ ಜನಪಥವೂ ಕೂಡುವೆಡೆ ಲಟ್ಯನ್ಸ್ ರೂಪಿಸಿದ ಕಟ್ಟಡ. 1891ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ದಾಖಲೆಗಳ ಇಲಾಖೆ 1926ರಲ್ಲಿ ಇಲ್ಲಿಗೆ ಬಂದಿತು. ಹೊರಗೆ ಎತ್ತರದ ಕಂಬಗಳ ವೈಭವ. ಒಳಗೆ ಹಾಳೆ ತಿರುವುವ ಸಪ್ಪಳ. ಹೆಸರು ನೋಂದಾಯಿಸಿ, ಸೂಚಿ ನೋಡಿ, ಚೀಟಿ ಬರೆದು ಕೊಟ್ಟು, ಕಡತ ಬರುವವರೆಗೆ ಕಾಯಬೇಕು. ಈಗ ಅನೇಕ ಕಾಗದಗಳು ಅಭಿಲೇಖ ಪಟಲವೆಂಬ ಜಾಲತಾಣದಲ್ಲಿ ಮನೆಯಲ್ಲಿಯೇ ದೊರೆಯುತ್ತವೆ. ಆದರೂ ಹಳೆಯ ಟಿಪ್ಪಣಿಯ ಅಂಚಿನಲ್ಲಿ ಅಧಿಕಾರಿಯೊಬ್ಬ ಎಳೆದ ಗೆರೆಯನ್ನು ಕಣ್ಣಾರೆ ಕಾಣುವ ಸೊಗಸೇ ಬೇರೆ.

ಭಾಷಾವಾರು ರಾಜ್ಯಗಳೆಂಬ ವಿಷಯ ಸಮುದ್ರದಷ್ಟು ದೊಡ್ಡದು. ಒಂದು ಕೊಡ ತುಂಬಿಕೊಂಡರೆ ಸಾಕೆಂದು ಅವಳ ಮಾರ್ಗದರ್ಶಕರು ಹೇಳಿದ್ದರಂತೆ. ಆ ಕೊಡವೆಂದರೆ ಸಂವಿಧಾನದ 3ನೆಯ ಅನುಚ್ಛೇದಕ್ಕೆ ಅಂಟಿದ ಒಂದು ನಿಬಂಧನೆ. ರಾಜ್ಯದ ಗಡಿ ಬದಲಿಸುವ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸುವ ಮೊದಲು, ರಾಷ್ಟ್ರಪತಿಗಳು ಆ ರಾಜ್ಯದ ವಿಧಾನಮಂಡಲದ ಅಭಿಪ್ರಾಯಕ್ಕಾಗಿ ಅದನ್ನು ಕಳಿಸಬೇಕು. ಅಭಿಪ್ರಾಯವೆಂದರೆ ಒಪ್ಪಿಗೆಯೇ? ಇಡೀ ಪ್ರಬಂಧ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಈ ಪ್ರಶ್ನೆ ನಮ್ಮ ಮುಂಬಯಿಯದೇ. 1956ರ ಮಸೂದೆಯಲ್ಲಿ ಮುಂಬಯಿ ನಗರ, ಮಹಾರಾಷ್ಟ್ರ, ಗುಜರಾತ ಎಂದು ಮೂರು ಭಾಗಗಳಿದ್ದವು. ಸಂಸತ್ತು ಕೊನೆಗೆ ಮೂರನ್ನೂ ಕೂಡಿಸಿ ಒಂದೇ ದ್ವಿಭಾಷಾ ರಾಜ್ಯ ಮಾಡಿತು. ಈ ಹೊಸ ರೂಪದ ಬಗ್ಗೆ ವಿಧಾನಮಂಡಲವನ್ನು ಕೇಳಲೇ ಇಲ್ಲವೆಂದು ಬಾಬುಲಾಲ ಪರಾಟೆಯವರು ನ್ಯಾಯಾಲಯಕ್ಕೆ ಹೋದರು. 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ತಿದ್ದುಪಡಿಯಾದಾಗಲೆಲ್ಲ ಮತ್ತೆ ಕೇಳಬೇಕಾಗಿಲ್ಲ; ರಾಜ್ಯದ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬಿದ್ದಿಲ್ಲ ಎಂದಿತು. ಹೈದರಾಬಾದಿನ ಓದುಗರಿಗೆ ಇದು ಚೆನ್ನಾಗಿ ಗೊತ್ತು: 2014ರಲ್ಲಿ ಆಂಧ್ರದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದ ಮೇಲೂ ತೆಲಂಗಾಣ ಆಯಿತಲ್ಲ!

ನಮ್ಮ ಹಿರಿಯರು ಬೆಳಗಾವಿ ಜಿಲ್ಲೆಯವರು. ಚಂದಗಡ ತಾಲೂಕನ್ನು ಬಿಟ್ಟು ಆ ಜಿಲ್ಲೆ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದಿತು. 2004ರಲ್ಲಿ ಮಹಾರಾಷ್ಟ್ರ ಸರಕಾರ ಆ ಪ್ರದೇಶಕ್ಕಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಮಗಳ ಪ್ರಬಂಧದಲ್ಲಿ ನಮ್ಮ ಕಡೆಯ ನಾಲ್ಕು ಮಾತು ಗಟ್ಟಿಯಾಗಿ ಬರಲೆಂಬ ಆಸೆ ನಮಗಿತ್ತು, ಮುಚ್ಚಿಡುವುದೇಕೆ?

"ಅಪ್ಪಾ, ಇದು ವಕೀಲಿ ಅಲ್ಲ. ಅವರ ಕಾಗದಾನೂ ಅಷ್ಟ ಲಕ್ಷ್ಯಗೊಟ್ಟು ಓದಬೇಕು" ಎಂದಳು.

"ಹಂಗಂದ್ರ ನಮ್ಮ ಊರಿನ ಗತಿ?"

"ಊರು ಎಲ್ಲೂ ಹೋಗೂದಿಲ್ಲ, ಅವ್ವಾ."

ನಮ್ಮ ನೆರೆಮನೆಯವರು ಮರಾಠಿಗರು. ಈ ಹುಡುಗಿಯನ್ನು ಎತ್ತಿ ಆಡಿಸಿದವರು. ಪ್ರಬಂಧ ಮುಗಿದ ಮೇಲೆ ಮೊದಲು ಅವರ ಕೈಗೇ ಕೊಡುವುದಾಗಿ ಮಾತು ಕೊಟ್ಟಿದ್ದಾಳೆ. ಅವರು ಓದಿ ತಲೆದೂಗಬೇಕು, ನಾವೂ ತಲೆದೂಗಬೇಕು; ಇದು ಸುಲಭದ ಕೆಲಸವಲ್ಲ.

ಅವಳು ಕುಳಿತಲ್ಲಿ ಕುಳಿತು ಓದಿದ್ದನ್ನು ನೋಡಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರನ್ನು ನೆನೆದೆವು. ಅವರ ಆಯೋಗಕ್ಕೆ 1,52,250 ಮನವಿ, ಪತ್ರಗಳು ಬಂದಿದ್ದವು! ವರದಿ 1955ರ ಸೆಪ್ಟೆಂಬರಿನಲ್ಲಿ ಸಿದ್ಧವಾಯಿತು.

ಸಂಜೆಗಳಲ್ಲಿ ರಾಮಕೃಷ್ಣಪುರದ ದಿಲ್ಲಿ ಕರ್ನಾಟಕ ಸಂಘದ ಕಡೆ ಹೋಗಿ ಇಡ್ಲಿ ತಿಂದು, ಚಳಿಯಲ್ಲಿ ಕನ್ನಡ ಕೇಳಿ ಬೆಚ್ಚಗಾಗುತ್ತಿದ್ದೆವು. ಬರುವಾಗ ರೈಲಿನಲ್ಲಿಯೇ ಮಗಳು ಮೂರನೆಯ ಅಧ್ಯಾಯಕ್ಕೆ ಕೈ ಹಚ್ಚಿದಳು. ಕೋಟಾ ಬರುವಷ್ಟರಲ್ಲಿ ಆರು ಪುಟವಾಗಿತ್ತು. ಅದರಲ್ಲಿ ಬೆಳಗಾವಿಗೆ ಒಂದೇ ಸಾಲು.