ಇಡಿಯಾದ ಎರಡು ಗಂಟೆ

ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದಾಗ ದೊಡ್ಡ ಚರ್ಚೆಯೇ ನಡೆಯಿತು. ಮರುವರ್ಷ ನಮ್ಮ ರಾಜ್ಯದಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾಪ ಬಂತು. ನೌಕರರ ಸಂಘಟನೆ ವಿರೋಧಿಸಿತು. ಎರಡೂ ಸಲ ಮಾತೆಲ್ಲ ಗಂಟೆಗಳ ಲೆಕ್ಕದ್ದೇ. ಆ ಗಂಟೆ ಇಡಿಯಾಗಿದೆಯೋ ಚೂರಾಗಿದೆಯೋ ಎಂಬುದು ನನ್ನಂಥವರ ಪ್ರಶ್ನೆ.

ನಾನು ಕತೆ ಬರೆಯುವವಳು. ಹೊಟ್ಟೆಪಾಡಿಗೆ ವಾರಕ್ಕೆ ಆರು ದಿನ ಒಂದು ಮುದ್ರಣಾಲಯದಲ್ಲಿ ಉರ್ದು, ಕನ್ನಡದ ಕರಡು ತಿದ್ದುತ್ತೇನೆ. ಆ ಕೆಲಸವನ್ನು ನಡುವೆ ಬಿಟ್ಟು, ಬಂದವರಿಗೆ ಮದುವೆ ಕಾರ್ಡಿನ ದರ ಹೇಳಿ, ಮತ್ತೆ ಮುಂದುವರಿಸಬಹುದು. ನಿಲ್ಲಿಸಿದಲ್ಲಿ ಪೆನ್ಸಿಲ್ ಗುರುತು ಇರುತ್ತದೆ. ಕತೆಗೆ ಅಂಥ ಗುರುತಿಲ್ಲ. ಪಾತ್ರವೊಂದು ಬಾಯಿ ತೆರೆಯುವ ಹೊತ್ತಿಗೆ ಕುಕ್ಕರ್ ಕೂಗಿದರೆ, ಒಲೆ ಆರಿಸಿ ಬರುವಷ್ಟರಲ್ಲಿ ಆ ಪಾತ್ರ ಮುನಿಸಿಕೊಂಡಿರುತ್ತದೆ. ಅದನ್ನು ಮತ್ತೆ ಮಾತಾಡಿಸಲು ಅರ್ಧ ಗಂಟೆಯಾದರೂ ಬೇಕು.

ಫ್ರಾಂಜ್ ಕಾಫ್ಕಾ ಈ ಸಂಕಟವನ್ನು ಬಲ್ಲವನು. ಖಾಸಗಿ ವಿಮಾ ಕಂಪನಿಯ ದೀರ್ಘ ದುಡಿಮೆಯನ್ನು ಬಿಟ್ಟು 1908ರಲ್ಲಿ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಗೆ ಸೇರಿದ. ಅಲ್ಲಿ ಮಧ್ಯಾಹ್ನ 2 ಗಂಟೆಗೆ ಕೆಲಸ ಮುಗಿಯುತ್ತಿತ್ತು. ಆದರೂ ಮನೆಯ ಗದ್ದಲದಲ್ಲಿ ಬರೆಯಲಾಗದೆ ರಾತ್ರಿಗಾಗಿ ಕಾಯುತ್ತಿದ್ದ. ‘ತೀರ್ಪು’ ಕತೆಯನ್ನು 1912ರ ಸೆಪ್ಟೆಂಬರ್‌ನ ಒಂದು ರಾತ್ರಿ, ಹತ್ತರಿಂದ ಬೆಳಗಿನ ಆರರವರೆಗೆ ಕೂತು ಮುಗಿಸಿದ. 1916ರ ಕೊನೆಗೆ ತಂಗಿ ಓಟ್ಲಾ ತಾನು ಬಾಡಿಗೆಗೆ ಹಿಡಿದಿದ್ದ ಪುಟ್ಟ ಮನೆಯನ್ನು ಅಣ್ಣನಿಗೆ ಬರೆಯಲು ಬಿಟ್ಟುಕೊಟ್ಟಳು. ‘ಹಳ್ಳಿಯ ವೈದ್ಯ’ ಸಂಕಲನದ ಹಲವು ಕತೆಗಳು ಅಲ್ಲಿ ಹುಟ್ಟಿದವು. ಬಿಡುವನ್ನು ಕಚೇರಿ ಕೊಟ್ಟಿತ್ತು, ಮೌನವನ್ನು ತಂಗಿ ಕೊಟ್ಟಳು.

ದುಡಿಮೆಯ ಸಮಯ ಕಡಿತ ಬರೀ ಕನಸೇನಲ್ಲ. ಐಸ್‌ಲ್ಯಾಂಡ್‌ನಲ್ಲಿ 2015ರಿಂದ 2019ರವರೆಗೆ ಸುಮಾರು 2,500 ನೌಕರರ ವಾರವನ್ನು 40 ಗಂಟೆಯಿಂದ 35–36ಕ್ಕೆ ಇಳಿಸಿದರು, ಸಂಬಳ ಇಳಿಸಲಿಲ್ಲ. ಬ್ರಿಟನ್ನಿನಲ್ಲಿ 2022ರಲ್ಲಿ 61 ಸಂಸ್ಥೆಗಳು ಇಂಥ ಪ್ರಯೋಗ ನಡೆಸಿದವು; ಅವಧಿ ಮುಗಿದಾಗ 56 ಸಂಸ್ಥೆಗಳು ಅದನ್ನೇ ಮುಂದುವರಿಸಲು ನಿರ್ಧರಿಸಿದವು. ಹಲವೆಡೆ ಬೇಡದ ಮೀಟಿಂಗುಗಳನ್ನು ಕೈಬಿಟ್ಟು, ಯಾರೂ ಅಡ್ಡಿಪಡಿಸದ ವೇಳೆಯನ್ನು ಮೀಸಲಿಟ್ಟರು. ಗುಟ್ಟು ಇರುವುದು ಅಲ್ಲಿಯೇ.

ಆದರೆ ನಮ್ಮ ಮನೆಗಳಲ್ಲಿ ರಜೆ ಎಲ್ಲರಿಗೂ ಒಂದೇ ರೀತಿ ಸಿಗುವುದಿಲ್ಲ. ಭಾನುವಾರವೆಂದರೆ ನೆಂಟರು, ಮಸಾಲೆ ಅರೆಯುವುದು, ವಾರದ ಬಟ್ಟೆ. ಶನಿವಾರವೂ ರಜೆಯಾದರೆ ಹೆಣ್ಣಿಗೆ ಅದು ಇನ್ನೊಂದು ಭಾನುವಾರ, ಅಷ್ಟೆ.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಬಂಧುಗಳೊಬ್ಬರು, “ನೋಡಮ್ಮಾ, ವಕೀಲಿಕೆ, ಹೋರಾಟ, ಸಂಸಾರ ಎಲ್ಲದರ ನಡುವೆಯೂ ಅವರು ಬರೆದರಲ್ಲ” ಎಂದರು. ನಿಜ, ಆ ಹೆಮ್ಮೆ ನನ್ನದೂ ಹೌದು. ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ನ 12 ಕತೆಗಳು 1990ರಿಂದ 2023ರವರೆಗೆ ಬರೆದವು. ಬರೆದವರ ಹೆಸರು ನಮಗೆ ಗೊತ್ತು. ಅಡುಗೆಮನೆಯಲ್ಲೇ ಆರಿಹೋದ ಕತೆಗಳನ್ನು ಎಣಿಸುವವರು ಯಾರು?

ಈಗ ನಮ್ಮ ಮನೆಯಲ್ಲಿ ಭಾನುವಾರ ಜುಹರ್ ನಮಾಜಿನ ನಂತರ ಎರಡು ಗಂಟೆ ನನ್ನದು. ಯಜಮಾನರು ಅಡುಗೆಮನೆ ನೋಡಿಕೊಳ್ಳುತ್ತಾರೆ, ಮಗಳು ಫೋನು ಮತ್ತು ಬಾಗಿಲು. ಮೊನ್ನೆ ಪಕ್ಕದ ಮನೆಯ ಖಾಲಾ ಬಂದು, “ರಜೆಯ ದಿನ ನಿಮ್ಮ ಅಮ್ಮಿಗೆ ಎಂಥ ಕೆಲಸ? ಬರೆಯುವುದಾ?” ಎಂದು ಕೇಳಿದರಂತೆ.

“ಹೌದು ಖಾಲಾ, ಬರೆಯುವುದೇ ಕೆಲಸ” ಎಂದಳಂತೆ ಮಗಳು.

ಸರಕಾರ, ಕಂಪನಿಗಳು ಗಂಟೆ ಇಳಿಸಲಿ, ಅದಕ್ಕಾಗಿ ಹೋರಾಟವೂ ನಡೆಯಲಿ. ಜೊತೆಗೆ ಪ್ರತಿ ಮನೆಯಲ್ಲೂ ಬರೆಯುವ, ಹಾಡುವ, ಚಿತ್ರ ಬಿಡಿಸುವ ಒಬ್ಬರಿಗಾಗಿ ಉಳಿದವರು ಸ್ವಲ್ಪ ಹೊತ್ತು ಬಾಗಿಲು ಕಾಯಲಿ. ಅದಕ್ಕೆ ಯಾವ ಕಾನೂನೂ ಬೇಕಿಲ್ಲ.