ಕಡೆಮಡೆಯ ದಾರಿಯಲ್ಲಿ

ನಲವತ್ತು ದಾಟಿದ ಗುಮಾಸ್ತನೊಬ್ಬ ರಜೆ ಹಾಕಿ ಸೈಕಲ್ ಮೇಲೆ ಊರೂರು ತಿರುಗುತ್ತಾನೆಂದರೆ ನಗುವವರೇ ಹೆಚ್ಚು. ನಮ್ಮ ಕಚೇರಿಯಲ್ಲೂ ನಗುತ್ತಾರೆ, ಸಂಘದ ಗೆಳೆಯರೂ ನಗುತ್ತಾರೆ. ನಗಲಿ. ಮದ್ದೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ಐದು ವರ್ಷ ಸೈಕಲ್ ತುಳಿದವನು ನಾನು. ಬಿ.ಎಸ್‌ಸಿ. ಮುಗಿಸಿ, ಕೇಂದ್ರ ಸರ್ಕಾರದ ಪರೀಕ್ಷೆ ಬರೆದು, ಚೆನ್ನೈಗೆ ಬಂದು ಫೈಲುಗಳ ನಡುವೆ ಕುಳಿತ ಮೇಲೂ ಕಾಲು ಆ ಚಟ ಬಿಡಲಿಲ್ಲ. ವರ್ಷಕ್ಕೊಮ್ಮೆ ಎರಡು ಮೂರು ದಿನ ಎಲ್ಲಿಗಾದರೂ ಹೊರಡುತ್ತೇನೆ. ನನ್ನದು ಒಂದೇ ನಿಯಮ: ಬಸ್ಸು ಲಾರಿ ಓಡಾಡುವ ರಸ್ತೆ ಬೇಡ. ಕಾಲುವೆಯ ಏರಿ, ಹೊಳೆಯ ದಡ, ಗದ್ದೆಯ ನಡುವಿನ ದಾರಿ ಇದ್ದರೆ ಸಾಕು.

ಇಂಥ ದಾರಿಗೆ ತಂಜಾವೂರಿನ ಸೀಮೆಯನ್ನು ಮೀರಿಸುವಂಥದ್ದು ನನಗೆ ಗೊತ್ತಿಲ್ಲ. ಕಲ್ಲಣೆಯ ಬಳಿ ಕಾವೇರಿ ಕವಲೊಡೆದು, ಕವಲು ಮತ್ತೆ ಕವಲಾಗಿ, ಸಮುದ್ರದವರೆಗೂ ಅಂಗೈಯ ರೇಖೆಗಳಂತೆ ಹರಡಿಕೊಂಡಿದೆ. ಒಂದೊಂದು ಕವಲಿಗೂ ಏರಿ, ಏರಿಯ ಮೇಲೊಂದು ದಾರಿ. ನೆಲವಂತೂ ಹಲಗೆಯಂತೆ ಮಟ್ಟ. ತಂಜಾವೂರಿನಿಂದ ಕಡಲವರೆಗೆ ಒಂದು ಕಿಲೋಮೀಟರಿಗೆ ಒಂದು ಮೀಟರಿನಷ್ಟೂ ಇಳಿಜಾರಿಲ್ಲ. ಗೇರಿಲ್ಲದ ನನ್ನ ಹರ್ಕ್ಯುಲಿಸ್ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಕ್ಕೀತೆ? ಏರು ಇಲ್ಲವೆಂದು ಹಿಗ್ಗುವಂತೆಯೂ ಇಲ್ಲವೆನ್ನಿ. ಪುಷ್ಯ ಮಾಸದಲ್ಲಿ ಈಶಾನ್ಯದ ಗಾಳಿ ಎದೆಗೇ ಬಡಿಯುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆಂದು ಕಾಲೇಜಿನಲ್ಲಿ ಬರೆದು ಅಂಕ ಗಳಿಸಿದ್ದೆ. ಅದು ನಿಜವೆಂದು ಮೊಣಕಾಲಿಗೆ ತಿಳಿದದ್ದು ಅಲ್ಲಿಯೇ.

ನಾನು ಹೇಳಹೊರಟದ್ದು 2017ರ ಪೊಂಗಲ್ ಸಮಯದ ಸಂಗತಿ. ಅದರ ಹಿಂದಿನ ಸೆಪ್ಟೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಆದದ್ದು ಓದುಗರಿಗೆ ನೆನಪಿದ್ದೀತು. ಒಂದೇ ದಿನ, 12ನೇ ತಾರೀಖು, ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿಯಾಯಿತು. ಆ ವಾರವೆಲ್ಲ ನಮ್ಮ ಮನೆಯವಳು ಮಕ್ಕಳಿಗೆ, “ಬೀದಿಯಲ್ಲಿ ಕನ್ನಡ ಮಾತಾಡಬೇಡಿ” ಎಂದು ಹೇಳಿ ಕಳಿಸುತ್ತಿದ್ದಳು. ಹಾಗಿರುವಾಗ ಜನವರಿಯಲ್ಲಿ ತಂಜಾವೂರಿಗೆ ಹೊರಟೆನೆಂದರೆ ಅವಳು ಬಿಟ್ಟಾಳೆಯೇ? ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಚಕ್ಕುಲಿ ಕರಿದು ಒಂದು ಕೈಚೀಲಕ್ಕೆ ತುಂಬಿಕೊಟ್ಟಳು.

ರಾತ್ರಿಯ ರೈಲು, ಬ್ರೇಕ್‌ವ್ಯಾನಿನಲ್ಲಿ ಸೈಕಲ್ಲು. ಬೆಳಗ್ಗೆ ತಿರುಚಿನಾಪಳ್ಳಿಯಲ್ಲಿ ಇಳಿದು ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸುವಾಗ ನೋಡುತ್ತೇನೆ, ಅದು ಜವಳಿ ಅಂಗಡಿಯ ಚೀಲ. ಕೆಂಪು ಕನ್ನಡ ಅಕ್ಷರದಲ್ಲಿ ಅಂಗಡಿಯ ಹೆಸರು, ಕೆಳಗೆ ದಪ್ಪನಾಗಿ ‘ಮಂಡ್ಯ’. ಚಕ್ಕುಲಿಯ ಪೊಟ್ಟಣ ಹೊರಗಿಟ್ಟು ಚೀಲವನ್ನು ಒಳಹೊರಗು ಮಾಡಿ ಮತ್ತೆ ತುಂಬಿದೆ. ಪ್ಲಾಟ್‌ಫಾರಂ ಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ್ದೂ ನೆನಪಿದೆ.

ಕಲ್ಲಣೆಯಿಂದ ತಿರುವೈಯಾರಿನವರೆಗೆ ಏರಿಯ ಮೇಲೆ ನೆರಳಿತ್ತು, ಸದ್ದಿರಲಿಲ್ಲ, ಹೊಳೆಯಲ್ಲಿ ನೀರೂ ಇರಲಿಲ್ಲ. ಬರಿಯ ಮರಳು. ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆಗೆ ಚಪ್ಪರ ಹಾಕಿದ್ದರು. ಅಲ್ಲಿನ ಸಮಾಧಿ ಮಂದಿರವನ್ನು 1920ರ ದಶಕದಲ್ಲಿ ತನ್ನ ಸ್ವಂತ ಗಳಿಕೆಯಿಂದ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ಕಪಿಲೆಯ ದಡದಲ್ಲಿ ಹುಟ್ಟಿದ ಹೆಂಗಸು ಕಾವೇರಿಯ ಕೆಳಗಿನ ದಡದಲ್ಲಿ ಮಣ್ಣಾಗಿದ್ದಾರೆ. ಅವರಿಗೆ ಕೈಮುಗಿದು ಮುಂದೆ ಹೊರಟೆ.

ಎರಡನೆಯ ದಿನ ನೀಡಾಮಂಗಲ, ಮನ್ನಾರ್‌ಗುಡಿ. ಮಾಟ್ಟುಪೊಂಗಲ್ ಆದ್ದರಿಂದ ದನಗಳ ಕೊಂಬಿಗೆ ಬಣ್ಣ ಬಳಿದಿದ್ದರು. ದನಗಳ ಹಿಂದೆ ಕಾಣುವ ಗದ್ದೆಗಳು ಮಾತ್ರ ನೋಡುವಂತಿರಲಿಲ್ಲ. ಮೆಟ್ಟೂರಿನ ನೀರು ವಾಡಿಕೆಯಂತೆ ಜೂನ್ 12ಕ್ಕೆ ಬರಬೇಕು. ಆ ಸಲ ಬಿಟ್ಟದ್ದು ಸೆಪ್ಟೆಂಬರ್ 20ಕ್ಕೆ. ಅದನ್ನು ನಂಬಿ ಸಾಂಬಾ ಬೆಳೆ ಬಿತ್ತಿದರು. ಹಿಂಗಾರಾದರೂ ಕೈಹಿಡಿಯಬೇಕಿತ್ತು, ತಮಿಳುನಾಡಿನಲ್ಲಿ ಅದು ಶೇಕಡ 62ರಷ್ಟು ಕಡಿಮೆ ಸುರಿಯಿತು. ಕೊಯ್ಲಿಗೆ ಮೊದಲು ನಿಂತ ಪೈರಿನ ನಡುವೆಯೇ ಉದ್ದು, ಹೆಸರು ಎರಚಿ, ನೆಲದಲ್ಲುಳಿದ ತೇವದಲ್ಲೇ ಇನ್ನೊಂದು ಬೆಳೆ ತೆಗೆಯುವ ಜಾಣರು ಅಲ್ಲಿಯವರು. ಆ ವರ್ಷ ಎರಚಲು ತೇವವೇ ಇರಲಿಲ್ಲ. ಗೇಣುದ್ದದ ಪೈರಿನಲ್ಲಿ ಆಡು ಮೇಯುತ್ತಿದ್ದವು.

ಮೂರನೆಯ ದಿನ ತಿರುತ್ತುರೈಪೂಂಡಿಯ ದಾರಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಹಿಂದಿನ ಚಕ್ರಕ್ಕೆ ನೆಟ್ಟಿತು. ಹಬ್ಬದ ದಿನ, ಪಂಕ್ಚರ್ ಅಂಗಡಿ ಮುಚ್ಚಿದೆ. ನನ್ನ ಡಬ್ಬಿಯ ಸೊಲ್ಯೂಷನ್ ಒಣಗಿ ಕಲ್ಲಾಗಿದೆ. ಕಾಲುವೆಯ ತೂಬಿನ ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬ ನೋಡಿ, ಎದ್ದುಹೋಗಿ, ಮನೆಯಿಂದ ಪ್ಯಾಚು, ಸೊಲ್ಯೂಷನ್, ಒಂದು ಬೋಗುಣಿ ನೀರು ತಂದ.

“ಯಾವ ಊರು, ತಂಬಿ?”

“ಚೆನ್ನೈ, ಐಯಾ.”

“ಅದು ಇರುವ ಊರು. ಹುಟ್ಟಿದ್ದು?”

“ಹೊಸೂರಿನ ಕಡೆ,” ಎಂದುಬಿಟ್ಟೆ. ನನ್ನ ತಮಿಳಿನ ಅಪಸ್ವರಕ್ಕೆ ಹೊಸೂರು ಹೊಂದುತ್ತದೆಂದು ದಾರಿಯುದ್ದಕ್ಕೂ ತಯಾರಿಸಿಟ್ಟುಕೊಂಡಿದ್ದ ಸುಳ್ಳು. ಅವನು ತಲೆಯಾಡಿಸಿ ಟ್ಯೂಬನ್ನು ಬೋಗುಣಿಯಲ್ಲಿ ಮುಳುಗಿಸಿದ. ಗುಳ್ಳೆ ಬರುವುದನ್ನು ಇಬ್ಬರೂ ನೋಡಿದೆವು.

ಪ್ಯಾಚ್ ಹಿಡಿಯುವವರೆಗೆ ಸುಮ್ಮನಿರಲಾರದೆ ಚಕ್ಕುಲಿ ಕೊಡಹೋದೆ. ಪೊಟ್ಟಣ ಚೀಲದ ತಳಕ್ಕೆ ಸೇರಿತ್ತು. ಎಳೆದ ರಭಸಕ್ಕೆ ಒಳಮೈ ಹೊರಬಂತು. ಕೆಂಪು ಅಕ್ಷರ. ಮುದುಕ ಅದನ್ನೇ ಕೊಂಚ ಹೊತ್ತು ನೋಡಿ, “ಇಂಥ ಅಕ್ಷರದ ಚೀಲ ನಮ್ಮ ಮನೆಯಲ್ಲೂ ಇದೆ” ಎಂದ. ಅವನ ಮಗ ಭತ್ತ ಕೊಯ್ಯುವ ಯಂತ್ರದ ಜೊತೆ ವರ್ಷವೂ ಮಂಡ್ಯ, ಮಳವಳ್ಳಿ ಕಡೆ ಹೋಗುತ್ತಾನಂತೆ. “ಈ ವರ್ಷ ಯಾರೂ ಕರೆಯಲಿಲ್ಲ. ಅಲ್ಲಿಯೂ ಏನೂ ಇಲ್ಲವಂತಲ್ಲ?”

ನನ್ನ ಮುಖ ಏನಾಗಿತ್ತೋ. ಹೌದು, ನಮ್ಮದು ಮದ್ದೂರಿನ ಹತ್ತಿರ ಎಂದೆ. ಅಣ್ಣನಿಗೆ ಎರಡೂವರೆ ಎಕರೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗ, ಈ ಸಲ ಒಂದು ಮೂಟೆಯೂ ಆಗಲಿಲ್ಲ ಎಂದೆ. ಹೊಸೂರಿನ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

“ಕಡೈಮಡೈ” ಎಂದ ಅವನು, ತನ್ನ ಗದ್ದೆಯತ್ತ ಕೈತೋರಿ. ಕೊನೆಯ ಮಡೆ, ಅಂದರೆ ನೀರು ಎಲ್ಲರ ಹೊಲ ಮುಗಿಸಿ ಬಂದು ಸೇರುವ ಜಾಗ. ಅವನದು ಒಂಬತ್ತು ಮಾ. ಮೂರು ಮಾ ಸೇರಿದರೆ ಸುಮಾರು ಒಂದು ಎಕರೆ. ಆಮೇಲೆ ಮಾತು ತಾನಾಗಿ ಹರಿಯಿತು. ನಮ್ಮಲ್ಲಿ ಕಟ್ಟುನೀರು ಎನ್ನುವುದಕ್ಕೆ ಅವರಲ್ಲಿ ಮುರೈ ಎನ್ನುತ್ತಾರೆ, ಸರದಿ. ಸರದಿಯ ರಾತ್ರಿ ಮೇಲಿನವನು ತೂಬು ಕದ್ದು ಎತ್ತುವುದು, ಕೆಳಗಿನವನು ಲಾಂದ್ರ ಹಿಡಿದು ಕಾವಲು ಕೂರುವುದು ಎರಡು ಕಡೆಯೂ ಒಂದೇ. ನಮ್ಮಪ್ಪ ಆ ಕಾವಲಿನಲ್ಲಿ ಒಮ್ಮೆ ಏಟು ತಿಂದದ್ದನ್ನು ಹೇಳಿದೆ. ಅವನು ಅಂಗಿಯ ತೋಳು ಮಡಿಚಿ ಮೊಣಕೈಯ ಗಾಯದ ಗುರುತು ತೋರಿಸಿದ. “ಹೊಡೆದವನು ಕರ್ನಾಟಕದವನಲ್ಲ, ನನ್ನ ಚಿಕ್ಕಪ್ಪನ ಮಗ,” ಎಂದು ನಕ್ಕ.

ದುಡ್ಡು ಮುಟ್ಟಲಿಲ್ಲ. ಚಕ್ಕುಲಿಯನ್ನು ಟವೆಲಿನ ತುದಿಗೆ ಕಟ್ಟಿಕೊಂಡ. ಮಗನ ಫೋನ್ ನಂಬರನ್ನು ಬರೆದುಕೊಂಡು ಹೊರಟೆ.

2018ರ ಜುಲೈಯಲ್ಲಿ ಕನ್ನಂಬಾಡಿಯೂ ತುಂಬಿತು, ಮೆಟ್ಟೂರೂ ತುಂಬಿತು. ಅದೇ ನವೆಂಬರ್ 16ರಂದು ಗಜ ಚಂಡಮಾರುತ ಆ ಸೀಮೆಯನ್ನು ಹರಿದುಹಾಕಿತು. ಪತ್ರಿಕೆಯಲ್ಲಿ ಉರುಳಿದ ತೆಂಗಿನ ತೋಟಗಳ ಚಿತ್ರ ನೋಡಿ ಆ ನಂಬರಿಗೆ ಫೋನ್ ಮಾಡಿದೆ. ನಾಲ್ಕು ದಿನ ಸಿಗಲಿಲ್ಲ. ಐದನೆಯ ದಿನ ಹುಡುಗ ಎತ್ತಿದ. ಹಿಂದೆ ಯಂತ್ರದ ಸದ್ದು. ಅಪ್ಪ ಕ್ಷೇಮ, ಸೂರು ಹಾರಿಹೋಗಿದೆ, ಊರಿಗೆ ಹೋಗಿ ನೋಡಿ ಮತ್ತೆ ಕೊಯ್ಲಿಗೆ ಬಂದಿದ್ದೇನೆ, ಸೂರಿಗೆ ದುಡ್ಡಾಗಬೇಕಲ್ಲ ಎಂದ. ಎಲ್ಲಿದ್ದೀಯಪ್ಪ ಎಂದರೆ, ಮಳವಳ್ಳಿಯ ಹತ್ತಿರ ಎಂದ.

ಅಣ್ಣನಿಗೆ ಹೇಳಿದೆ. ಆ ವರ್ಷ ಅವನ ಗದ್ದೆಯನ್ನು ಕೊಯ್ದದ್ದು ಆ ಯಂತ್ರವೇ. ರಾತ್ರಿ ಅಣ್ಣ ಫೋನ್ ಮಾಡಿ ಎಷ್ಟು ಮೂಟೆಯಾಯಿತೆಂದು ಹೇಳಲಿಲ್ಲ. “ಹುಡುಗ ಒಳ್ಳೆಯವನು ಕಣೋ. ಆದರೆ ಮುದ್ದೇನ ಅಗಿದು ತಿಂತಾನೆ,” ಎಂದ.